ಹಳೆ ಧೋತರ: ಒಂದು ತಾಂತ್ರಿಕ ಕೈಪಿಡಿ

ಹಸುಗೂಸಿನ ಎಳೆ ಚರ್ಮಕ್ಕೆ ಒಗ್ಗುವ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ರಬಕವಿಯಲ್ಲಿ ನಿಂತು ಕೇಳಿದರೆ ಹೊರಗಿನವರು ನಕ್ಕಾರು. ರಬಕವಿ, ಬನಹಟ್ಟಿ, ರಾಮಪುರ, ಹೊಸೂರು ಎಲ್ಲ ಸೇರಿ ಸಾವಿರಾರು ಮಗ್ಗ. ಓಣಿಗೆ ಕಾಲಿಟ್ಟರೆ ಪಾವರಲೂಮಿನ ಸಪ್ಪಳದಲ್ಲಿ ಎದುರಿಗಿದ್ದವರ ಮಾತು ಕೇಳಿಸುವುದಿಲ್ಲ. ಇಂಥ ಊರಲ್ಲಿ ಒಂದು ಮೊಳ ಕೂಸಿನ ಬಟ್ಟೆಗೆ ಬರವೆ? ಬರವೇ. ಇಲ್ಲಿ ಹೆಚ್ಚಾಗಿ ನೇಯುವುದು ಸೀರೆ. ಸೀರೆ ಉಡುವ ವಯಸ್ಸು ಬರಲು ಕೂಸಿಗೆ ಇನ್ನೂ ಹದಿನೆಂಟು ವರ್ಷವಾದರೂ ಬೇಕು; ಗಂಡುಕೂಸಾದರೆ ಆ ಭರವಸೆಯೂ ಇಲ್ಲ. ನಡುವಿನ ಅವಧಿಯನ್ನು ನಿಭಾಯಿಸುವುದು ಹೇಗೆಂದು ತಿಳಿಸುವುದೇ ಈ ಕೈಪಿಡಿಯ ಉದ್ದೇಶ.

ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ನಾನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನಲ್ಲ, ಕೂಸಿಗೆ ಎರೆದವನಲ್ಲ, ನಡುರಾತ್ರಿ ಎದ್ದು ಒದ್ದೆ ಲಂಗೋಟಿ ಬದಲಿಸಿದವನೂ ಅಲ್ಲ. ಆದಕಾರಣ ಈ ವಿಷಯದಲ್ಲಿ ನನ್ನಷ್ಟು ನಿಷ್ಪಕ್ಷಪಾತಿಯಾದ ತಜ್ಞ ಜಮಖಂಡಿ, ಮುಧೋಳ, ಬೀಳಗಿ ಕಡೆಗೆಲ್ಲ ಹುಡುಕಿದರೂ ಸಿಗಲಿಕ್ಕಿಲ್ಲ.

ಮೊದಲು ಚರ್ಮ. ಹಸುಗೂಸಿನ ಚರ್ಮ ದೊಡ್ಡವರದಕ್ಕಿಂತ ತೆಳು. ಮೇಲ್ಪದರ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಒಳಗಿನ ತೇವ ಬೇಗ ಹೊರಗೆ ಹೋಗುತ್ತದೆ, ಹೊರಗಿನ ಸಾಬೂನು, ಬಣ್ಣ ಬೇಗ ಒಳಗೆ ಬರುತ್ತವೆ. ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಬೆವರಿನ ನಾಳದ ಬಾಯಿ ಕಟ್ಟಿತೆಂದರೆ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಬೆವರುಸಾಲೆ ಏಳುತ್ತದೆ. ಇದನ್ನೆಲ್ಲ ಅರಿತೇ ನಮ್ಮ ಕಡೆ ಹೊರಗೆ 40 ಡಿಗ್ರಿ ಬಿಸಿಲಿರುವ ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕೂಸಿಗೆ ಉಲನ್ ಕುಲಾವಿ, ಉಲನ್ ಸ್ವೆಟರ್, ಉಲನ್ ಕಾಲುಚೀಲ ಹಾಕುತ್ತಾರೆ. ಗಾಳಿ ಬಡಿಯಬಾರದೆಂಬುದು ಕಾರಣ. ಗಾಳಿ ಬಡಿಯುವುದಿಲ್ಲ. ಕೂಸು ಕೆಂಪಗಾಗಿ ಅಳುತ್ತದೆ; ಅಳುತ್ತಿದೆಯೆಂದರೆ ಥಂಡಿಯಾಗಿದೆ ಎಂದು ಮೇಲೊಂದು ಶಾಲು ಬೀಳುತ್ತದೆ. ಈ ವಿಧಾನದ ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ.

ವೈದ್ಯರು ಇನ್ನೊಂದು ಮಾತು ಹೇಳುತ್ತಾರೆ: ಹುಟ್ಟಿದ ಕೂಡಲೇ ಕೂಸಿಗೆ ಅತ್ಯುತ್ತಮ ಹೊದಿಕೆ ಬಟ್ಟೆಯೇ ಅಲ್ಲ, ತಾಯಿಯ ಬರಿಯ ಎದೆ. ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ, ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ ಬಂದಾಗ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿ ಉಳಿಸಿದರು. ಕಾಂಗರೂ ಆರೈಕೆ ಎಂಬ ಆ ಪದ್ಧತಿ ಈಗ ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳವರೆಗೂ ಬಂದಿದೆ. ಮೊದಲ ಸ್ನಾನವನ್ನು ಒಂದು ದಿನವಾದರೂ ಮುಂದೂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಈ ಎರಡೂ ಸಲಹೆಗಳಲ್ಲಿ ಮಾರುವುದಕ್ಕೆ ಏನೂ ಇಲ್ಲದ ಕಾರಣ ಇವುಗಳ ಜಾಹೀರಾತು ನೀವು ನೋಡಿರಲಿಕ್ಕಿಲ್ಲ.

ಇನ್ನು ಬಟ್ಟೆ. ಮಗ್ಗದಿಂದ ಆಗಷ್ಟೇ ಇಳಿದ ಅರಿವೆಯನ್ನು ಕೂಸಿಗೆ ಸುತ್ತಬಹುದೆ? ಬೇಡ. ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಹಾಕದಿದ್ದರೆ ಹಣಿಗೆಯ ತಿಕ್ಕಾಟಕ್ಕೆ ಎಳೆ ಹರಿದು ನೇಕಾರ ಇಡೀ ದಿನ ಗಂಟು ಹಾಕುತ್ತ ಕೂರಬೇಕಾಗುತ್ತದೆ. ಗಂಜಿ ಇದ್ದಷ್ಟು ಹೊತ್ತು ಬಟ್ಟೆ ಬಿರುಸು. ದೊಡ್ಡ ಕಾರ್ಖಾನೆಗಳಲ್ಲಿ ಈ ಗಂಜಿ ತೆಗೆಯುವುದಕ್ಕೆ ಅಮೈಲೇಸ್ ಎಂಬ ಕಿಣ್ವ ಬಳಸುತ್ತಾರೆ. ಅದೇ ಜಾತಿಯ ಕಿಣ್ವ ಮನುಷ್ಯರ ಜೊಲ್ಲಿನಲ್ಲೂ ಇದೆ. ಕೂಸು ಬಟ್ಟೆಯನ್ನು ಬಾಯಿಗೆ ಹಾಕಿ ಚೀಪುವುದನ್ನು ಕಂಡು ಅದು ತನ್ನ ಗಂಜಿ ತಾನೇ ತೆಗೆದುಕೊಳ್ಳುತ್ತಿದೆ ಎಂದು ಕೆಲವರು ಭಾವಿಸಬಹುದು. ಹಸುಗೂಸಿನ ಜೊಲ್ಲಿನಲ್ಲಿ ಅಮೈಲೇಸ್ ತೀರ ಕಡಿಮೆ. ಅಷ್ಟು ಎಳೆಯ ವಯಸ್ಸಿನ ಕಾರ್ಮಿಕರಿಂದ ಈ ಕೆಲಸ ಮಾಡಿಸುವುದನ್ನು ಕಾನೂನೂ ಒಪ್ಪುವುದಿಲ್ಲ. ತಾವೇ ಎರಡು ಮೂರು ಸಲ ಒಗೆಯಿರಿ. ಸಾಬೂನು ಉಳಿಯದಂತೆ ಜಾಲಿಸಿರಿ.

ನೂಲಿನ ನಯ ಅಳೆಯುವುದು ಕೌಂಟಿನಲ್ಲಿ. ಒಂದು ಪೌಂಡ್ ತೂಕಕ್ಕೆ 840 ಗಜ ಉದ್ದದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಕೌಂಟ್. ನೂರು ಲಡಿ ಬಂದರೆ ನೂರರ ನೂಲು. ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ ತೂಕದಲ್ಲಿ ಸುಮಾರು 77 ಕಿಲೋಮೀಟರ್ ಎಳೆ. ರಬಕವಿಯಲ್ಲಿ ತುದಿ ಹಿಡಿದು ಬಿಚ್ಚುತ್ತ ನಡೆದರೆ ಜಮಖಂಡಿ ದಾಟಿ ಎಷ್ಟೋ ದೂರ ಹೋಗಬಹುದು. ಅಂಕೆ ಏರಿದಷ್ಟೂ ನೂಲು ತೆಳು, ಬಟ್ಟೆ ಮೆತ್ತಗೆ, ದರ ಗಟ್ಟಿ. ತೆಳು ನೂಲಿಗೆ ಉದ್ದ ಎಳೆಯ ಹತ್ತಿ ಬೇಕು, ಮತ್ತು ಆ ವಿಷಯದಲ್ಲಿ ನಮ್ಮ ಕಡೆಗೆ ಜಗತ್ತೇ ಕೈಮುಗಿಯಬೇಕು: ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ತಳಿ ಕೊಟ್ಟರು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ಇಳಿಸಿದ ಜಗತ್ತಿನ ಮೊದಲ ತಳಿ ಅದು. ಹಿಂದೆಯೇ ಡಿಸಿಎಚ್-32 ಬಂತು. ಅದಕ್ಕೆ ಜಯಲಕ್ಷ್ಮಿ ಎಂದು ಇನ್ನೊಂದು ಹೆಸರು. ಇಬ್ಬರು ಲಕ್ಷ್ಮಿಯರು ನೆರೆಯಲ್ಲೇ ಹುಟ್ಟಿದರೆಂದ ಮೇಲೆ ಕೂಸಿನ ಬಟ್ಟೆಗೆ ಚಿಂತೆಯೇನು? 2002ರಲ್ಲಿ ಬಿಟಿ ಹತ್ತಿ ಬಂತು, ಹೊಲದಲ್ಲಿ ಲಕ್ಷ್ಮಿಯರ ಜಾಗ ಕಿರಿದಾಯಿತು. ಕೃಷ್ಣೆಯ ದಂಡೆಯಲ್ಲಂತೂ ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಕಬ್ಬಿನಿಂದ ಬೆಲ್ಲ, ಸಕ್ಕರೆ, ಸಾರಾಯಿ, ಶಾಸಕರು ಆಗುತ್ತಾರೆ. ಲಂಗೋಟಿ ಆಗುವುದಿಲ್ಲ.

ಮತ್ತೆ, ಮಗ್ಗದ ಬೀಮಿನ ಮೇಲೆ ಯಾವ ನೂಲು ಏರಬೇಕೆಂಬುದನ್ನು ಕೂಸೂ ನಿರ್ಧರಿಸುವುದಿಲ್ಲ, ನೇಕಾರನೂ ನಿರ್ಧರಿಸುವುದಿಲ್ಲ. ನೂಲು ಕೊಟ್ಟು, ಸೀರೆ ಒಯ್ದು, ಮಜೂರಿ ಎಣಿಸುವ ಸಾವಕಾರ ನಿರ್ಧರಿಸುತ್ತಾನೆ. ಅವನ ಪರವಾಗಿ ಪೇಟೆ ನಿರ್ಧರಿಸುತ್ತದೆ. ಪೇಟೆ ಕೇಳುವುದು ಮಿರುಗುವ, ಇಸ್ತ್ರಿ ಬೇಡದ, ಅಗ್ಗದ ಸೀರೆ. ಆದ್ದರಿಂದ ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸು ಹಗಲಿಡೀ ನೇಯುವ ಸಪ್ಪಳ ಕೇಳುತ್ತ ಮಲಗಿ, ತಿರುಪ್ಪೂರಿನಲ್ಲಿ ಹೆಣೆದ ಬನಿಯನ್ ಬಟ್ಟೆಯ ಅಂಗಿ ತೊಡುತ್ತದೆ. ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ ಬೆಚ್ಚಿ ಎದ್ದು ಅಳುತ್ತದೆ. ಸಪ್ಪಳ ನಿಂತರೆ ಮಜೂರಿಯೂ ನಿಂತಂತೆ ಎಂಬುದು ಅದಕ್ಕೆ ತೊಟ್ಟಿಲಲ್ಲೇ ಗೊತ್ತಾಗಿರುತ್ತದೆ.

ಪೇಟೆಯಲ್ಲಿ ಸಿಗುವ ಮಾಲಿಗೆ ಬರೋಣ. ಈಗಿನ ವಿದ್ಯಾವಂತ ತಾಯಂದಿರ ಒಲವು ಬಿದಿರಿನ ಬಟ್ಟೆಯ ಕಡೆಗಿದೆ. ಬಿದಿರು ಪ್ರಕೃತಿಯ ಕೊಡುಗೆ. ನಮ್ಮ ಹಿರಿಯರು ಅದರಿಂದ ಬುಟ್ಟಿ, ಮೊರ, ತೊಟ್ಟಿಲು ಮಾಡಿದರು, ಮೆತ್ತನೆಯ ಬಟ್ಟೆ ಮಾಡುವ ಬುದ್ಧಿ ಅವರಿಗೆ ಹೊಳೆಯಲಿಲ್ಲ. ಹೊಳೆಯದೇ ಇರುವುದಕ್ಕೆ ಕಾರಣವಿದೆ: ಗಟ್ಟಿ ಬಿದಿರನ್ನು ಕಟುವಾದ ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಎಳೆ ತೆಗೆಯಬೇಕು. ಹಾಗೆ ಬಂದದ್ದು ರೇಯಾನ್, ನಮ್ಮ ಇಳಕಲ್ ಕಡೆ ಚಮಕಾ ಎಂದು ಕರೆಯುವ ಎಳೆಯ ಒಡಹುಟ್ಟು. ರೇಯಾನನ್ನು ಬಿದಿರು ಎಂದು ಮಾರಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2009ರಲ್ಲೇ ಕಂಪನಿಗಳ ಮೇಲೆ ದೂರು ಹಾಕಿತ್ತು. 2022ರಲ್ಲಿ ಎರಡು ಬಹುದೊಡ್ಡ ಅಂಗಡಿ ಸರಪಳಿಗಳಿಗೆ ಒಟ್ಟು 55 ಲಕ್ಷ ಡಾಲರ್ ದಂಡ ಬಿತ್ತು. ನಮ್ಮ ಸೀರೆ ಅಂಗಡಿಯವರು ಮಾತ್ರ ಚಮಕಾವನ್ನು ಎಂದೂ ಬಿದಿರು ಎನ್ನಲಿಲ್ಲ. ರೇಷ್ಮೆ ಎಂದರು. ಅದು ಬೇರೆ ವಿಷಯ.

ಮಸ್ಲಿನ್ ಸುತ್ತುಬಟ್ಟೆ ಎಂಬುದೂ ಬಂದಿದೆ. ಬೇಬಿ ಶಾಪಿನ ಚಂದದ ಪೆಟ್ಟಿಗೆಯಲ್ಲಿ ಮೂರು ತುಂಡು. ಒಳಗೆ ನೋಡಿದರೆ ಸಡಿಲವಾಗಿ ನೇಯ್ದ, ತೆಳು ನೂಲಿನ, ಗಾಳಿಯಾಡುವ ಬಿಳಿ ಹತ್ತಿ ಅರಿವೆ. ಅದರ ಬೆಲೆಯನ್ನು ಒಬ್ಬ ನೇಕಾರನಿಗೆ ಹೇಳಿದರೆ ಅವನು ಆ ಬಟ್ಟೆಯನ್ನು ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, ಇದಕ್ಕೆ ಅಷ್ಟು ಮಜೂರಿ ಎಲ್ಲಿ ಕೊಡುತ್ತಾರೆ, ವಿಳಾಸ ಹೇಳಿ ಎನ್ನುತ್ತಾನೆ.

"100% ಹತ್ತಿ" ಎಂಬ ಚೀಟಿಯನ್ನು ನಂಬಬಹುದೆ? ಅಂಗಿ ಹತ್ತಿಯದಾಗಿರಬಹುದು. ಆ ಚೀಟಿ ಮಾತ್ರ ಸಾಮಾನ್ಯವಾಗಿ ಪಾಲಿಸ್ಟರಿನದು, ಹೊಲಿದ ದಾರವೂ ಅದೇ. ಇಡೀ ಅಂಗಿಯಲ್ಲಿ ಕೂಸಿನ ಕುತ್ತಿಗೆಗೆ ಚುಚ್ಚುವ ಭಾಗ ಯಾವುದೆಂದರೆ ಇದು ಚುಚ್ಚುವುದಿಲ್ಲ ಎಂದು ಬರೆದುಕೊಟ್ಟ ಭಾಗ. ಕತ್ತರಿಸಿ ತೆಗೆಯಿರಿ, ಅಂಗಿಯನ್ನು ಉಲ್ಟಾ ತೊಡಿಸಿದರೂ ಆದೀತು, ನೋಡಿದ ನೆಂಟರು ಹೇಳುವುದನ್ನು ಹೇಳಿಕೊಳ್ಳಲಿ. ಬಟ್ಟೆಯ ಜಾತಿ ತಿಳಿಯಲು ಸುಟ್ಟು ನೋಡುವ ಪರೀಕ್ಷೆ ಸಾಳಿ ಓಣಿಯಲ್ಲಿ ಎಲ್ಲರಿಗೂ ಗೊತ್ತು: ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಯಾನ್ ಹತ್ತಿಯ ಹಾಗೆಯೇ ಉರಿಯುವುದರಿಂದ ಬಿದಿರಿನವರು ಈ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಪರೀಕ್ಷೆಯ ಹೊತ್ತಿಗೆ ಕೂಸನ್ನು ಅಂಗಿಯಿಂದ ಹೊರಗೆ ತೆಗೆದಿರಬೇಕು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಕೆಲವು ಅಜೋ ಬಣ್ಣಗಳು ಒಡೆದು ಕ್ಯಾನ್ಸರ್ ತರುವ ವಸ್ತುಗಳಾಗುತ್ತವೆಂದು ಭಾರತ ಸರ್ಕಾರ 1990ರ ದಶಕದಲ್ಲಿ ಒಟ್ಟು 112 ಬಣ್ಣಗಳನ್ನು ನಿಷೇಧಿಸಿತು. ಓಕೋ-ಟೆಕ್ಸ್ ಎಂಬ ಯುರೋಪಿನ ಮಾನದಂಡದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಎಲ್ಲಕ್ಕಿಂತ ಬಿಗಿ ನಿಯಮ, ಬಣ್ಣ ಜೊಲ್ಲಿಗೆ ಬಿಡುತ್ತದೆಯೇ ಎಂಬ ಪರೀಕ್ಷೆಯೂ ಸೇರಿ. ಅಲ್ಲಿ ಪ್ರಯೋಗಾಲಯದಲ್ಲಿ ಕೃತಕ ಜೊಲ್ಲು ತಯಾರಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಅಸಲಿಯೇ ಧಾರಾಳವಾಗಿ ಸಿಗುವುದರಿಂದ ಪರೀಕ್ಷೆ ನೇರವಾಗಿ ಕೂಸಿನ ಬಾಯಲ್ಲೇ ನಡೆಯುತ್ತದೆ. ತುಟಿ ನೀಲಿಯಾದರೆ ಫಲಿತಾಂಶ ಬಂತು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬೀಗರು ತರುವುದು ಬಾಬಾ ಸೂಟ್. ರಟ್ಟಿನ ಪೆಟ್ಟಿಗೆ, ಮೇಲೆ ಪ್ಲಾಸ್ಟಿಕ್ ಕಿಟಕಿ, ಒಳಗೆ ಅಂಗಿ, ಚಡ್ಡಿ, ಟೊಪ್ಪಿಗೆ, ಜೊಲ್ಲುಬಟ್ಟೆ, ಎಲ್ಲವನ್ನೂ ಗುಂಡುಸೂಜಿಯಿಂದ ಬಿಗಿದಿರುತ್ತಾರೆ. ಬಟ್ಟೆ ಯಾವುದೆಂದು ಕೇಳಬಾರದು. ಬಾಬಾ ಸೂಟಿನ ಚರ್ಮ-ಸುರಕ್ಷತೆಯ ಬಗ್ಗೆ ನನಗೆ ಬಹಳ ಗೌರವವಿದೆ, ಯಾಕೆಂದರೆ ಅದನ್ನು ಯಾರೂ ತೆರೆಯುವುದಿಲ್ಲ. ಬನಹಟ್ಟಿಯಲ್ಲಿ ಬಂದದ್ದು ತೇರದಾಳದ ಕೂಸಿಗೆ ಹೋಗುತ್ತದೆ, ತೇರದಾಳದಿಂದ ಮಹಾಲಿಂಗಪುರ, ಅಲ್ಲಿಂದ ಮುಧೋಳ; ಕೆಲವು ಸಲ ಮೊದಲು ಕೊಟ್ಟವರ ಮನೆಯ ಎರಡನೇ ಕೂಸಿಗೇ ತಿರುಗಿ ಬಂದು ತಲುಪುತ್ತದೆ. ಯಾವ ಕೂಸಿನ ಮೈಯನ್ನೂ ಮುಟ್ಟದ ಕಾರಣ ಯಾವ ಕೂಸಿಗೂ ಗುಳ್ಳೆ ಬರುವುದಿಲ್ಲ.

ತೊಡಿಸಿಯೇ ತೀರುವುದು ಖಣದ ಕುಂಚಗಿಯನ್ನು. ಗುಳೇದಗುಡ್ಡದ ಖಣ ನೋಡಲು ಎಷ್ಟು ಚಂದವೋ ಅದರ ಹಿಂಬದಿ ಅಷ್ಟೇ ಒರಟು. ಮೇಲೆ ಹೂವು ಮೂಡಿಸಿದ ಎಳೆಗಳೆಲ್ಲ ಕೆಳಗೆ ಜೋತಾಡುತ್ತಿರುತ್ತವೆ. ಎಳೆಗೂಸಿನ ನೆತ್ತಿಗೆ ಇದು ತಕ್ಕುದಲ್ಲ ಎಂದು ಬರೆಯಲು ಪೆನ್ನೆತ್ತಿದ್ದೆ. ಆದರೆ ಹಳೆಯ ಕುಂಚಗಿ ಒಂದನ್ನು ತಿರುವಿ ನೋಡಿದಾಗ ಒಳಗೆ ಬಿಳಿಯ ಅಸ್ತರ ಕಂಡಿತು. ಮುಟ್ಟಿದರೆ ಬೆರಳಿಗೆ ಬಟ್ಟೆ ಇದೆಯೋ ಇಲ್ಲವೋ ತಿಳಿಯದಷ್ಟು ಮೆತ್ತಗೆ. ಇದು ಯಾವ ಕೌಂಟು, ಯಾವ ಮಿಲ್ಲು ಎಂದು ಆ ಮನೆಯ ಆಯಿಯನ್ನು ಕೇಳಿದೆ.

"ಯಾವ ಮಿಲ್ಲೂ ಅಲ್ಲೋ ತಮ್ಮಾ, ಅಜ್ಜನ ಧೋತರ."

"ಎಷ್ಟು ವರ್ಷದ್ದರೀ?"

"ಅದನ್ನ ನನಗ್ಯಾಕ ಕೇಳ್ತಿ? ಉಟ್ಟಾಂವ ಅಂವಾ, ಅವನ್ನ ಕೇಳು."

"ಹೊಸಾದು ತಂದು ಹಚ್ಚಬಾರದೇನ್ರಿ?"

"ಕೂಸಿನ ಮೈ ಹೊಸಾದು, ಅರಿಬಿನೂ ಹೊಸಾದಾದ್ರ ಎರಡೂ ಕಚ್ಚಾಡ್ತಾವ. ಒಂದರ ಹಳೇದಿರಬೇಕೋ ಬ್ಯಾಡೋ?"

ಚರ್ಮಶಾಸ್ತ್ರದ ಪುಸ್ತಕಗಳು ಇದನ್ನೇ ಹೇಳಲು ಒಂದು ಅಧ್ಯಾಯ ತೆಗೆದುಕೊಳ್ಳುತ್ತವೆ. ಆದ್ದರಿಂದ ಇಲ್ಲಿಂದ ಮುಂದೆ ಈ ಕೈಪಿಡಿ ಹಳೆ ಧೋತರದ ತಯಾರಿಕೆಗೆ ಮೀಸಲು.

ತಯಾರಿಕೆ ನಾಲ್ಕು ಹಂತದ್ದು. ಹೊಸ ಧೋತರವನ್ನು ಮೊದಲ ಹಂತದಲ್ಲಿ ಮದುವೆ, ಹಬ್ಬ, ಕಾಡಸಿದ್ಧೇಶ್ವರ ಜಾತ್ರೆಗೆ ಮಾತ್ರ ಉಡಬೇಕು. ಆಗ ಗಂಜಿ ಹೋಗುತ್ತದೆ, ಕಾರ್ಖಾನೆಯಲ್ಲಿ ಹಾಕಿದ ಬಿಳುಪಿನ ಔಷಧವೂ ಕ್ರಮೇಣ ಇಳಿಯುತ್ತದೆ. ಎರಡನೆಯ ಹಂತ ಸಂತೆಯದು. ಎಲೆ ಅಡಿಕೆಯ ಕಲೆ ಬೀಳುವುದು ಇಲ್ಲಿ, ಅದು ಗುಣಮಟ್ಟಕ್ಕೆ ಬಾಧಕವಲ್ಲ. ಮೂರನೆಯದರಲ್ಲಿ ಧೋತರ ಮನೆಯ ಕಟ್ಟೆಗೂ ಹೊಲದ ಬದುವಿಗೂ ಇಳಿಯುತ್ತದೆ. ದಿನಾ ಕಲ್ಲಿನ ಮೇಲೆ ಬಡಿದು ಒಗೆಯುವುದರಿಂದ ನೂಲಿನ ಹುರಿ ಸಡಿಲಾಗಿ ಎಳೆಯ ಬಿಗುವು ಒಡೆಯುತ್ತದೆ; ಕೋಟಿ ಸುರಿದು ತಂದ ಯಂತ್ರಗಳು ಮೆತ್ತಗಾಗಿಸುವ ಔಷಧ ಬೆರೆಸಿ ಒಂದು ಗಂಟೆಯಲ್ಲಿ ಮಾಡಲು ಹೆಣಗುವುದು ಇದನ್ನೇ. ಕೊನೆಯ ಹಂತದಲ್ಲಿ ಕೂತು ಎದ್ದು ಬಟ್ಟೆ ಮೊಣಕಾಲ ಹತ್ತಿರ ಪಿಸಿಯುತ್ತದೆ. ಅಂಗೈ ಹಿಂದೆ ಹಿಡಿದರೆ ರೇಖೆ ಕಾಣಬೇಕು. ಪಕ್ವವಾಗಿದೆಯೇ ಎಂದು ತಿಳಿಯಲು ಆಯಿ ಒಂದು ಅಂಚನ್ನು ಹಿಡಿದು ಹರಿಯುತ್ತಾಳೆ. ಚರ್ರೆಂದು ಕೂಗಿದರೆ ಇನ್ನೂ ಕಾಯಿ, ಅಜ್ಜನಿಗೆ ಮರಳಿ ಕೊಡುತ್ತಾಳೆ. ಪಸಕ್ಕೆಂದು ಸುಮ್ಮನೆ ಬಿಟ್ಟುಕೊಟ್ಟರೆ ಹಣ್ಣಾಗಿದೆ. ಅಜ್ಜನ ಅಭಿಪ್ರಾಯವನ್ನು ಈ ಹಂತದಲ್ಲಿ ಕೇಳುವ ರೂಢಿಯಿಲ್ಲ.

1948ರಲ್ಲಿ ಸಂಸ್ಥಾನಗಳು ಹೋಗುವವರೆಗೆ ರಬಕವಿ ಸಾಂಗಲಿಯವರದು, ಕೂಗಳತೆಯ ಬನಹಟ್ಟಿ ಜಮಖಂಡಿಯವರದು. ರಾಜರು ಬೇರೆ, ಕಾಯಿದೆ ಬೇರೆ. ಹರಿದು ನೋಡುವ ಪರೀಕ್ಷೆ ಮಾತ್ರ ಎರಡೂ ಕಡೆ ಒಂದೇ ಇತ್ತೆಂದು ಧೈರ್ಯವಾಗಿ ಊಹಿಸುತ್ತೇನೆ.

ಸಂಗ್ರಹದ ಬಗ್ಗೆ ಹೇಳುವುದಿದೆ, ಮತ್ತು ಈ ಕೈಪಿಡಿಯಲ್ಲಿ ಪ್ರಶ್ನಿಸದೆ ಪಾಲಿಸಬೇಕಾದ ಮಾತು ಇದೊಂದೇ. ಹಳೆ ಬಟ್ಟೆಯನ್ನು ಟ್ರಂಕಿನಲ್ಲಿ ಡಾಂಬರ ಗುಳಿಗೆ ಹಾಕಿ ಇಟ್ಟಿದ್ದರೆ ಅದನ್ನು ಕೂಸಿಗೆ ಸುತ್ತಲೇಬೇಡಿ. ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಚರ್ಮ, ಉಸಿರಿನ ಮೂಲಕ ಒಳಗೆ ಹೋಗಿ, ಜಿ6ಪಿಡಿ ಕಿಣ್ವದ ಕೊರತೆಯಿರುವ ಹಸುಗೂಸುಗಳಲ್ಲಿ ರಕ್ತಕಣ ಒಡೆದು ತೀವ್ರ ಕಾಮಾಲೆ ತರುತ್ತದೆ. ಕೊರತೆ ಯಾವ ಕೂಸಿಗಿದೆ ಎಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ಒಣ ಬೇವಿನೆಲೆ ಇಡಿ. ಜಿರಳೆ ತಿಂದರೆ ತಿನ್ನಲಿ.

ಈಗ ಕಚ್ಚಾ ಮಾಲಿನ ಕೊರತೆ. ಒಂದು ಹಳೆ ಧೋತರಕ್ಕೆ, ಹತ್ತಿಯ ಹಳೆ ಸೀರೆಗೆ ನಮ್ಮ ಮನೆಗಳಲ್ಲಿ ಎಷ್ಟೊಂದು ಹಕ್ಕುದಾರರು! ಕೌದಿ ಹೊಲಿಯುವವರಿಗೆ ಅದೇ ಬೇಕು. ಓಣಿಯಲ್ಲಿ ಕೂಗುತ್ತ ಬರುವ ಭಾಂಡೆಯವಳಿಗೆ ಕೊಟ್ಟರೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಅಡುಗೆಮನೆಗೆ ಮಸಿ ಅರಿಬಿ, ಪಾವರಲೂಮಿಗೆ ಎಣ್ಣೆ ಒರೆಸುವ ಚಿಂದಿ, ಮಗನ ಬೈಕಿಗೆ ಧೂಳು ಝಾಡಿಸುವ ತುಂಡು. ಕೂಸಿನ ಸರದಿ ಬರುವ ಹೊತ್ತಿಗೆ ಉಳಿಯುವುದು ಲಾಡಿಯಷ್ಟು.

ಅದನ್ನಾದರೂ ಹಂಚಿಕೊಳ್ಳಬಹುದಿತ್ತು, ಮೂಲದ ಬಾವಿಯೇ ಬತ್ತುತ್ತಿದೆ. ಅಜ್ಜಂದಿರು ನೈಟ್ ಪ್ಯಾಂಟಿಗೆ ಬಂದಿದ್ದಾರೆ. ಆಯಿಯರು ನೈಟಿ ತೊಡುತ್ತಾರೆ, ಹೊರಗೆ ಹೊರಟರೆ ಪಾಲಿಸ್ಟರ್ ಸೀರೆ. ಒಗೆದು ಕೊಡವಿದರೆ ಒಣಗುತ್ತದೆ, ಬಣ್ಣ ಮಾಸುವುದಿಲ್ಲ, ಯಾರು ಬೇಡವೆಂದಾರು? ಪಾಲಿಸ್ಟರಿನ ದೋಷ ಒಂದೇ, ಅದು ಹಳೆಯದಾಗುವುದಿಲ್ಲ. ಉಟ್ಟವರು ಮುದುಕರಾಗುತ್ತಾರೆ, ಸೀರೆ ಅಂಗಡಿಯಿಂದ ಬಂದ ದಿನದಂತೆಯೇ ಇರುತ್ತದೆ. ಮೊಣಕಾಲಲ್ಲಿ ಪಿಸಿಯುವುದಿಲ್ಲ, ಹುರಿ ಸಡಿಲುವುದಿಲ್ಲ, ಬಹಳವೆಂದರೆ ಮೇಲೆ ಸಣ್ಣ ಸಣ್ಣ ನೂಲುಗುಳ್ಳೆ ಏಳುತ್ತವೆ. ಕೂಸಿಗೆ ಸುತ್ತಿದರೆ ಅದಕ್ಕೂ ಏಳುತ್ತವೆ. ಇವತ್ತು ಯಾರೂ ಉಡದ ಹತ್ತಿ ಸೀರೆ ಹದಿನೈದು ವರ್ಷದ ಮೇಲೆ ಹಳೆಯ ಹತ್ತಿ ಸೀರೆ ಆಗಲಾರದು. ಈ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞರ ಸಮಿತಿ ಬೇಕಿಲ್ಲ, ಆದರೂ ಒಂದನ್ನು ನೇಮಿಸುವುದು ಒಳ್ಳೆಯದು.

ಸರ್ಕಾರ ಏನು ಮಾಡಬಹುದು? ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಈಗ ಅದರ ಪಟ್ಟಿಯಲ್ಲಿ 11 ಬಗೆಗಳಿವೆ: ಸೀರೆ, ಧೋತರ, ಟವೆಲು, ಲುಂಗಿ, ಜಮಖಾನೆ, ಸಿಪಾಯಿಗಳ ಬ್ಯಾರಕ್ಕಿಗೆ ಕಂಬಳಿ ಕೂಡ. ಸಿಪಾಯಿಯನ್ನು ನೆನೆದ ಕಾಯಿದೆ ತೊಟ್ಟಿಲನ್ನು ಮರೆತಿದೆ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆ ನೇಯಿಸಿದೆ. ಅದನ್ನು ಪಡೆಯಲು ಕೂಸು ಒಂದನೇ ಇಯತ್ತೆಗೆ ಹೆಸರು ಹಚ್ಚಬೇಕು. 2020ರಲ್ಲಿ ನೇಕಾರ ಸಮ್ಮಾನ್ ಯೋಜನೆ ಬಂದು ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರುವಾಯಿತು. ನೇಯುವವರಿಗೆ ಸಮ್ಮಾನವಿದೆ, ಸರಿ. ಉಟ್ಟು ಹದ ಮಾಡುವವರಿಗೆ?

ಆದ್ದರಿಂದ ನನ್ನ ಶಿಫಾರಸು, ಧೋತರ ಪಕ್ವತಾ ಭತ್ಯೆ. ಅರವತ್ತು ದಾಟಿದ, ನಿತ್ಯ ಹತ್ತಿಯ ಧೋತರ ಉಡುವ ಪುರುಷರು ಮತ್ತು ಹತ್ತಿಯ ಸೀರೆ ಉಡುವ ಮಹಿಳೆಯರು ಅರ್ಜಿ ಹಾಕಬಹುದು. ಅರ್ಜಿಯೊಂದಿಗೆ ಆಧಾರ್ ಪ್ರತಿ, ಉಟ್ಟ ಧೋತರದ ಮುಂಬದಿ ಹಿಂಬದಿಯ ಫೋಟೊ, ಪಾಲಿಸ್ಟರ್ ಉಟ್ಟಿಲ್ಲವೆಂಬ ಮುಚ್ಚಳಿಕೆ, ಮತ್ತು ಮೊಣಕಾಲ ಬಳಿ ಪಿಸಿದಿದೆ ಎಂದು ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲಿಸಿ ಕೊಟ್ಟ ಪ್ರಮಾಣಪತ್ರ ಇರಬೇಕು. ಪಕ್ವವಾದ ಬಟ್ಟೆಯನ್ನು ಭಾಂಡೆಯವರಿಗೆ ಮಾರಿದ್ದು ಕಂಡುಬಂದರೆ ಭತ್ಯೆ ವಾಪಸು, ಡಬ್ಬಿ ಜಪ್ತಿ. ಅಧಿಕಾರಿಗಳು ಕೃಷ್ಣೆಯ ನೀರಲ್ಲಿ ಕಲ್ಲಿನ ಮೇಲೆ ಒಗೆಯುವುದನ್ನು ಅಧ್ಯಯನ ಮಾಡಲು ವಿದೇಶ ಪ್ರವಾಸ ಹೋಗಲು ಅವಕಾಶ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕೊನೆಗೆ ಸಾರ್ವಜನಿಕರು ನನ್ನ ಮುಂದಿಟ್ಟ ಕೆಲವು ಸಂದೇಹಗಳು.

ಹೆಸರಿಡುವ ದಿನ ನಮ್ಮ ಅತ್ತಿ ಜರಿ ಫ್ರಾಕೇ ಹಾಕಬೇಕಂತಾರ, ಕೂಸು ಕೆರಕೋತೈತಿ, ಏನ್ ಮಾಡ್ಲಿ ಎಂದು ಬನಹಟ್ಟಿಯ ಒಬ್ಬ ತಾಯಿ ಕೇಳಿದ್ದಾರೆ. ಒಳಗೆ ಧೋತರದ ತುಂಡಿನ ಅಂಗಿ ತೊಡಿಸಿ, ಮೇಲೆ ಫ್ರಾಕು ಹಾಕಿ, ಫೋಟೊ ತೆಗೆದು, ಬಿಚ್ಚಿ. ಫೋಟೊಕ್ಕೆ ತುರಿಕೆಯಾಗುವುದಿಲ್ಲ. ಅತ್ತೆಗೆ ಫೋಟೊ ಸಾಕು.

ಡಯಾಪರ್ ಬಗ್ಗೆ ತಜ್ಞರ ನಿಲುವೇನು ಎಂದು ಜಮಖಂಡಿಯವರೊಬ್ಬರು ಕೇಳಿದ್ದಾರೆ. ಜಾತ್ರೆಗೆ, ಬಸ್ಸಿಗೆ ಇರಲಿ. ಮನೆಯಲ್ಲಿ ಇರುವಾಗ ಕೂಸಿನ ಕುಂಡಿಗೆ ಗಾಳಿ ಆಡಲಿ. ಲಂಗೋಟಿ ಯಾರು ಒಗೆಯಬೇಕೆಂಬುದು ತಾಂತ್ರಿಕ ಪ್ರಶ್ನೆಯಲ್ಲವಾದ್ದರಿಂದ ತಜ್ಞರು ಉತ್ತರಿಸುವುದಿಲ್ಲ, ಅವರಿಗೆ ಉತ್ತರ ಗೊತ್ತಿದ್ದರೂ.

ರಬಕವಿಯ ಒಬ್ಬರ ಅಹವಾಲು ಗಂಭೀರವಾದದ್ದು. ಸೊಸೆಗೆ ಐದು ತಿಂಗಳು, ಕುಬಸದ ತಯಾರಿ ನಡೆದಿದೆ. ಮನೆಯಲ್ಲಿ ನಾಲ್ಕು ಪಾವರಲೂಮ್ ಇವೆ, ಕಪಾಟು ತುಂಬ ಸೀರೆ ಇವೆ. ಕೂಸಿಗೆ ಸುತ್ತಲು ಒಂದು ಹಳೆ ಅರಿವೆ ಇಲ್ಲ. ಮನೆಯ ಯಜಮಾನರು ಪ್ಯಾಂಟು ಹಾಕುವವರು, ಅವರ ಅಪ್ಪನೂ ಪ್ಯಾಂಟೇ. ಇವರಿಗೆ ನನ್ನ ಸಲಹೆ: ಈ ಸಲದ ಮಟ್ಟಿಗೆ ಆಚೆ ಓಣಿಯ ಹಿರಿಯರನ್ನು ಕೈಮುಗಿದು ಕೇಳಿಕೊಳ್ಳಿ, ಹೊಸದೊಂದು ಜೋಡಿ ಧೋತರ ಕೊಟ್ಟು ಅವರು ಉಟ್ಟದ್ದನ್ನು ತನ್ನಿ, ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡಬೇಡಿ, ಅದರಲ್ಲಿ ಹದಿನೈದು ವರ್ಷದ ದುಡಿಮೆಯಿದೆ. ಮುಂದಿನ ಕೂಸಿಗೆ ಇಂದೇ ಕೆಲಸ ಶುರುವಾಗಬೇಕು. ಯಜಮಾನರು ನಾಳೆಯಿಂದಲೇ ಧೋತರ ಉಡಲಿ. ಅವರು ಒಪ್ಪದಿದ್ದರೆ ಮಗನಿಗೆ ಉಡಿಸಿ. ತಾಳಿಕೆಯ ದೃಷ್ಟಿಯಿಂದ ಅವನ ಮೊಣಕಾಲೇ ಹೆಚ್ಚು ಅನುಕೂಲ. ಎರಡನೇ ಮೊಮ್ಮಗುವಿಗೆ ಸಿಗಲಿಕ್ಕಿಲ್ಲ. ಮರಿಮಗುವಿಗೆ ಸಿಕ್ಕೀತು.